ಪ್ಯಾರಿಸ್‌ನಿಂದ ಎರಡು ರಾತ್ರಿಗೆ ಯಾವ ಹಳೇ ಊರು? ನನ್ನ ಓಟು ಡಿಜೋನ್‌ಗೆ

ಆಫೀಸ್ ಕೆಲಸಕ್ಕೆ ಪ್ಯಾರಿಸ್‌ಗೆ ಬಂದಿದ್ದೀರಿ, ಅಪ್ಪ ಅಮ್ಮನೂ ಜೊತೆಗಿದ್ದಾರೆ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್. ಹಳೆಯ ಊರಾಗಿರಬೇಕು, ಕಾರಿಲ್ಲದೆ ನಡೆದೇ ನೋಡುವಂತಿರಬೇಕು. ಸ್ಟ್ರಾಸ್‌ಬರ್ಗ್, ಲಿಯೋನ್, ರೂವಾನ್ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ನಾನು ಪಟ್ಟಿಯಲ್ಲಿ ಇಲ್ಲದ ಊರು ಹೇಳ್ತೀನಿ: ಬರ್ಗಂಡಿ ಸೀಮೆಯ ಹಳೇ ರಾಜಧಾನಿ ಡಿಜೋನ್.

ಆ ಮೂರೂ ಒಳ್ಳೆಯ ಊರುಗಳೇ. ಆದರೆ ಕೈಯಲ್ಲಿ ಎರಡೇ ರಾತ್ರಿ ಇರುವಾಗ ಯಾವುದು ಹೆಚ್ಚು ಚೆಂದ ಅಂತ ನೋಡಿ ಪ್ರಯೋಜನವಿಲ್ಲ. ಸ್ಟೇಷನ್, ಹೋಟೆಲ್, ಹಳೇ ಪೇಟೆ ಎಷ್ಟು ಹತ್ತಿರ ಹತ್ತಿರ ಇವೆ ಅನ್ನೋದನ್ನ ನೋಡಿ. ಲಿಯೋನ್‌ನಲ್ಲಿ ಎರಡು ನದಿ, ಎರಡು ಗುಡ್ಡ. ಮೆಟ್ರೋ ಹತ್ತದೆ ಆಗುವುದಿಲ್ಲ, ಎರಡು ದಿನ ಸಾಲುವುದೂ ಇಲ್ಲ. ಸ್ಟ್ರಾಸ್‌ಬರ್ಗ್‌ನ 142 ಮೀಟರ್ ಎತ್ತರದ ಕೆಥೆಡ್ರಲ್ ನೋಡಲೇಬೇಕಾದದ್ದು, ನಿಜ. ಆದರೆ ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ ಹೊತ್ತಿಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಇನ್ನು ರೂವಾನ್. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಮುಗಿಯಿತು, ರೂಮ್ ಯಾಕೆ ಸುಮ್ನೆ?

ಡಿಜೋನ್‌ಗೆ ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿನಿಂದ ಟಿಜಿವಿ (ಅತಿವೇಗದ ರೈಲು) ಹತ್ತಿದರೆ ಸುಮಾರು 1 ಗಂಟೆ 40 ನಿಮಿಷ. ಇಳಿದು ಹತ್ತು ನಿಮಿಷ ನಡೆಯುವಷ್ಟರಲ್ಲಿ ಪ್ಲಾಸ್ ಡಾರ್ಸಿ ಚೌಕ, ಅಲ್ಲೊಂದು ಕಲ್ಲಿನ ಕಮಾನು. ಅದನ್ನು ದಾಟಿದರೆ ಹಳೇ ಪೇಟೆ ಶುರು. ಮುಖ್ಯ ಬೀದಿಯಲ್ಲಿ ಕಾರುಗಳಿಲ್ಲ, ಏರು ಇಳಿವೂ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದಾರೆ ಅಂದಿರಲ್ಲ, ಇದು ಅದಕ್ಕೇ ಹೇಳಿದ್ದು. ಒಳಗಿನ ಕೆಲವು ಗಲ್ಲಿಗಳಲ್ಲಿ ಮಾತ್ರ ಕಲ್ಲು ಹಾಸಿದೆ, ಅಮ್ಮನಿಗೆ ಚಪ್ಪಲಿ ಬದಲು ಶೂ ಹಾಕಿಸಿ.

ದಾರಿ ತಪ್ಪುವ ಭಯವೂ ಬೇಡ. ನೆಲದಲ್ಲಿ ಅಲ್ಲಲ್ಲಿ ಗೂಬೆಯ ಚಿತ್ರವಿರುವ ಪುಟ್ಟ ಲೋಹದ ಬಾಣಗಳನ್ನು ಕೂರಿಸಿದ್ದಾರೆ. ಅವನ್ನೇ ಹಿಡಿದು ಹೋದರೆ 22 ನಿಲ್ದಾಣಗಳಲ್ಲಿ ಊರಿನ ಮುಖ್ಯ ಜಾಗಗಳೆಲ್ಲ ಮುಗಿಯುತ್ತವೆ. ನಮ್ಮಲ್ಲಿ ಗೂಬೆ ಅಪಶಕುನ, ಇಲ್ಲಿ ಅದೇ ಊರಿನ ಅದೃಷ್ಟ! ನೋತ್ರ್ ದಾಮ್ ಚರ್ಚಿನ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಲ್ಲಿನ ಗೂಬೆ ಇದೆ. ಅದನ್ನು ಎಡಗೈಯಿಂದ ಸವರಿ ಏನಾದರೂ ಬೇಡಿಕೊಳ್ಳುವುದು ಪದ್ಧತಿ. ಶತಮಾನಗಳಿಂದ ಜನ ಸವರಿ ಸವರಿ ಅದರ ಕಣ್ಣು, ಕೊಕ್ಕು, ಗರಿ ಒಂದೂ ಗುರುತು ಸಿಗದ ಹಾಗೆ ನುಣ್ಣಗಾಗಿದೆ. 2001ರಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದಿದ್ದರು, ಆಮೇಲೆ ಸರಿಮಾಡಿದರು.

ಅದೇ ಚರ್ಚಿನ ಮುಂಭಾಗಕ್ಕೆ ಬಂದು ತಲೆ ಎತ್ತಿ. ಮೇಲೆ ಒಂದು ಗಡಿಯಾರ, ಗಂಟೆ ಬಾರಿಸುವ ಗೊಂಬೆಗಳು. ಆ ಗಡಿಯಾರ ಇಂದಿನ ಬೆಲ್ಜಿಯಂನ ಕೋರ್ಟ್ರೈಕ್ ಪಟ್ಟಣದ್ದು. 1382ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಯುದ್ಧ ಗೆದ್ದು ಕಿತ್ತು ತಂದ. ಮೊದಲು ಜಾಕ್‌ಮಾರ್ ಅನ್ನೋ ಒಬ್ಬನೇ ಗಂಡು ಗೊಂಬೆ ಇದ್ದದ್ದು. ಪಾಪ ಒಂಟಿ ಅಂತ ಊರಿನವರು 17ನೇ ಶತಮಾನದಲ್ಲಿ ಅವನಿಗೆ ಹೆಂಡತಿಯನ್ನು ತಂದರು, ಮುಂದೆ ಮಗ, ಕೊನೆಗೆ ಮಗಳು. ನಮ್ಮ ನೆಂಟರಿಷ್ಟರು ಇದಕ್ಕಿಂತ ಬೇಗ ಮುಗಿಸುತ್ತಿದ್ದರು, ಅಲ್ವಾ?

ಒಂದೇ ಒಂದು ಜಾಗಕ್ಕೆ ಸಮಯ ಇದೆ ಅಂದರೆ ಡ್ಯೂಕ್‌ಗಳ ಅರಮನೆಯಲ್ಲಿರುವ ಮ್ಯೂಸಿಯಂಗೆ ಹೋಗಿ. ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ, ಮಂಗಳವಾರ ಮಾತ್ರ ರಜೆ. ಅಲ್ಲಿ ಈ ಫಿಲಿಪ್‌ನ ಸಮಾಧಿ ಇದೆ. ಅವನು ಸತ್ತದ್ದು 1404ರಲ್ಲಿ. ಮೇಲೆ ಡ್ಯೂಕ್ ಮಲಗಿದ್ದಾನೆ, ಕಾಲ ಬಳಿ ಸಿಂಹ. ಎಲ್ಲರೂ ಅದರ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವು ಬಗ್ಗಿ ಕೆಳಗೆ ನೋಡಿ. ಸುತ್ತಲಿನ ಪುಟ್ಟ ಕಮಾನುಗಳ ಕೆಳಗೆ ಸುಮಾರು 40 ಸೆಂಟಿಮೀಟರ್ ಎತ್ತರದ, ಅಲಬಾಸ್ಟರ್ ಎಂಬ ಬಿಳಿ ಕಲ್ಲಿನ ಗೊಂಬೆಗಳು ಸಾಲಾಗಿ ಹೊರಟಿವೆ. ಶವಯಾತ್ರೆಯಲ್ಲಿ ಅಳುತ್ತಾ ಹೋಗುವವರು ಅವರು. ಒಬ್ಬ ಮೂಗು ಹಿಡಿದುಕೊಂಡಿದ್ದಾನೆ, ಇನ್ನೊಬ್ಬನ ಮುಖವೇ ಮುಸುಕಿನೊಳಗೆ ಮುಳುಗಿದೆ. ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ನಿಲುವಂಗಿಯ ನೆರಿಗೆಯಲ್ಲೇ ದುಃಖ ಕಾಣುತ್ತದೆ. ಕ್ಲಾಸ್ ಸ್ಲೂಟರ್ ಎಂಬ ಶಿಲ್ಪಿ ಮತ್ತು ಅವನ ಕಾರ್ಯಾಗಾರದವರ ಕೆಲಸ ಇದು. ಫ್ರೆಂಚ್ ಕ್ರಾಂತಿಯಲ್ಲಿ ಸಮಾಧಿ ಒಡೆದಾಗ ಗೊಂಬೆಗಳು ಚೆಲ್ಲಾಪಿಲ್ಲಿಯಾದವು, ಕೆಲವು ಈಗಲೂ ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿವೆ. ಪಕ್ಕದ ಫಿಲಿಪ್ ಲ ಬೋನ್ (ಈ ಫಿಲಿಪ್‌ನ ಮೊಮ್ಮಗ) ಗೋಪುರಕ್ಕೆ 316 ಮೆಟ್ಟಿಲು. ಅದನ್ನು ನೀವು ಹತ್ತಿ ಬನ್ನಿ, ಅಪ್ಪ ಅಮ್ಮ ಎದುರಿನ ಅರ್ಧಚಂದ್ರಾಕಾರದ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತಿರಲಿ.

ಶನಿವಾರ ಬೆಳಿಗ್ಗೆ ತಪ್ಪದೆ ಲೆ ಆಲ್ ಮಾರುಕಟ್ಟೆ ನೋಡಿ. ಕಬ್ಬಿಣದ ಕಂಬಗಳ ಹಳೆಯ ಕಟ್ಟಡ, ಚೀಸ್, ಹಣ್ಣು, ಜೇನು ಎಲ್ಲ ಸಿಗುತ್ತದೆ. ಊರಿನ ಹೆಸರು ಹೊತ್ತ ಸಾಸಿವೆ ಪೇಸ್ಟನ್ನು ಅಂಗಡಿಗಳಲ್ಲಿ ರುಚಿ ನೋಡಲು ಕೊಡುತ್ತಾರೆ. ನಮ್ಮ ಒಗ್ಗರಣೆ ಸಾಸಿವೆಯ ಜಾತಿಯದೇ, ಆದರೆ ನೇರ ನೆತ್ತಿಗೇರುತ್ತದೆ, ಅಪ್ಪನಿಗೆ ಮೊದಲೇ ಹೇಳಿ. ತಮಾಷೆ ಅಂದರೆ ಬೀಜದ ಬಹುಪಾಲು ಬರುತ್ತಿದ್ದದ್ದು ಕೆನಡಾದಿಂದ. 2021ರಲ್ಲಿ ಅಲ್ಲಿ ಬರ ಬಿದ್ದು, ಮರುವರ್ಷ ಫ್ರಾನ್ಸಿನ ಅಂಗಡಿಗಳಲ್ಲೇ ಸಾಸಿವೆ ಬಾಟಲಿ ಸಿಗದೆ ಜನ ಪರದಾಡಿದರು.

ಸಸ್ಯಾಹಾರಿಗಳಾದರೆ ಸ್ವಲ್ಪ ಹುಷಾರು. ಸಲಾಡ್ ಅಂತ ತರಿಸಿದರೂ ಅದರಲ್ಲಿ ಹಂದಿಮಾಂಸದ ಚೂರುಗಳು ಇರಬಹುದು. 'ಸಾನ್ ವಿಯಾಂದ್, ಸಾನ್ ಪ್ವಾಸೋಂ' ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಗುಜೇರ್ ಅನ್ನೋ ಚೀಸ್ ಬನ್ ಬಹಳ ರುಚಿ, ಆದರೆ ಮೊಟ್ಟೆ ಇದೆ. ಮಧ್ಯಾಹ್ನ ಎರಡರ ಮೇಲೆ ಹೆಚ್ಚಿನ ಹೋಟೆಲ್‌ಗಳ ಅಡುಗೆಮನೆ ಮುಚ್ಚಿ, ಮತ್ತೆ ತೆರೆಯುವುದು ಸಂಜೆ ಏಳಕ್ಕೇ. ಅಪ್ಪ ಅಮ್ಮನಿಗೆ ಮಾತ್ರೆ ನುಂಗುವ ಹೊತ್ತು ಇದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಭಾನುವಾರ ಅಂಗಡಿಗಳು ಬಹುತೇಕ ಬಂದ್. ಅವತ್ತು ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಬೋನ್ ಊರಿಗೆ ಹೋಗಬಹುದು, ಅರ್ಧ ಗಂಟೆಯೂ ಇಲ್ಲ. 1443ರಲ್ಲಿ ಬಡವರಿಗೆಂದು ಕಟ್ಟಿಸಿದ ಆಸ್ಪತ್ರೆ ಅಲ್ಲಿದೆ, ಅಂಗಳದಲ್ಲಿ ನಿಂತರೆ ಬಣ್ಣದ ಹೆಂಚಿನ ಮಾಡು ಪೂರ್ತಿ ಕಾಣುತ್ತದೆ. ವಾಪಸ್ ಟಿಜಿವಿ ಟಿಕೆಟ್ ಮಾತ್ರ ಈಗಲೇ ಮಾಡಿಸಿ. ಭಾನುವಾರ ಸಂಜೆ ಪ್ಯಾರಿಸ್ ಕಡೆಗಿನ ರೈಲುಗಳು ತುಂಬಿರುತ್ತವೆ, ತಡ ಮಾಡಿದಷ್ಟೂ ದರ ಜಾಸ್ತಿ.