ಎಂಆರ್‌ಐ ಆದ ಮೇಲೂ ಬಯಾಪ್ಸಿ ಏಕೆ?

ತೀವ್ರ ಮೈಲಾಯ್ಡ್ ಲ್ಯುಕೇಮಿಯಾಗೆ (ಒಂದು ಬಗೆಯ ರಕ್ತದ ಕ್ಯಾನ್ಸರ್) ಚಿಕಿತ್ಸೆ ಪಡೆದ ನಿಮ್ಮ ತಂದೆಯವರ ತೊಡೆಯ ಗಂಟಿನ ಎಂಆರ್‌ಐ ವರದಿಯಲ್ಲಿ ‘ಮೈಲಾಯ್ಡ್ ಸಾರ್ಕೋಮಾ ಇರಬಹುದು’ ಎಂದಿರುವಾಗ ಬಯಾಪ್ಸಿ ಏಕೆಂದು ಕೇಳಿದ್ದೀರಿ. ಲ್ಯುಕೇಮಿಯಾ ಕೋಶಗಳು ಅಸ್ಥಿಮಜ್ಜೆಯ ಹೊರಗೆ ಗುಂಪುಗೂಡಿ ಆಗುವ ಈ ಗಡ್ಡೆ ಸಾಮಾನ್ಯವಾಗಿ ಎಂಆರ್‌ಐನ ಟಿ1 ಎಂಬ ಬಗೆಯ ಚಿತ್ರದಲ್ಲಿ ಸ್ನಾಯುವಿನ ಛಾಯೆಯಲ್ಲಿಯೂ ಟಿ2 ಚಿತ್ರದಲ್ಲಿ ತುಸು ಬಿಳುಪಾಗಿಯೂ ಕಾಣುತ್ತದೆ; ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟಾಗ ಕೀವುಗಡ್ಡೆಯ ಅಂಚು ಮಾತ್ರ ಹೊಳೆದರೆ, ಇದು ಬಹುಮಟ್ಟಿಗೆ ಇಡಿಯಾಗಿ ಹೊಳೆಯುತ್ತದೆ. ಸೋಂಕನ್ನೂ, ಪ್ಲೇಟ್‌ಲೆಟ್ ಕಡಿಮೆಯಿರುವವರಲ್ಲಿ ರಕ್ತ ಹೆಪ್ಪುಗಟ್ಟಿದ ಊತವನ್ನೂ ಬೇರ್ಪಡಿಸಲು ಇಷ್ಟು ನೆರವಾಗುತ್ತದೆ. ಆದರೆ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಕೂಡ ಹೀಗೆಯೇ ಕಾಣಬಲ್ಲದಾದ್ದರಿಂದ (ರೇಡಿಯಾಲಜಿಸ್ಟ್ ‘ಇರಬಹುದು’ ಎಂದಷ್ಟೇ ಬರೆದದ್ದು ಸರಿಯೆಂದೇ ನನ್ನ ಅಭಿಪ್ರಾಯ) ಬಯಾಪ್ಸಿಯಲ್ಲಿ ತೆಗೆದ ಅಂಗಾಂಶದಲ್ಲಿ ಮೈಲೋಪೆರಾಕ್ಸಿಡೇಸ್, ಸಿಡಿ117 ಮುಂತಾದ ಗುರುತುಗಳನ್ನು (ಕೋಶದ ಬಗೆಯನ್ನು ತಿಳಿಸುವ ಪ್ರೋಟೀನ್‌ಗಳನ್ನು) ನೋಡಿದ ಮೇಲೆಯೇ ರೋಗನಿರ್ಣಯ ಸಾಧ್ಯ. ಬೇರೆಡೆಯೂ ಗಡ್ಡೆಗಳಿವೆಯೇ ಎಂದು ತಿಳಿಯಲು ಚಿಕಿತ್ಸೆಗೆ ಮುನ್ನ ಪೆಟ್-ಸಿಟಿ ಎಂಬ ಇಡೀ ದೇಹದ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಅಸ್ಥಿಮಜ್ಜೆಯ ಪರೀಕ್ಷೆ ಸರಿಯಾಗಿಯೇ ಬಂದರೂ ಗಂಟನ್ನು ಕಡೆಗಣಿಸಬೇಡಿ. ರೋಗದ ಮರುಕಳಿಕೆ ಕೆಲವೊಮ್ಮೆ ಮೊದಲು ಹೀಗೆಯೇ ಹೊರಬೀಳುತ್ತದೆ.