ನಕ್ಷೆಯಲ್ಲಿ ಕೆಂಪಾಗಿರುವ ಬಡಾವಣೆಯಲ್ಲಿ ಮನೆ ಮಾಡಬಹುದೇ?

ಬಾಡಿಗೆಗೆ ನೋಡಿದ ಮನೆ ಎಲ್ಲರಿಗೂ ಹಿಡಿಸಿದೆ, ಆದರೆ ಅಪರಾಧ ನಕ್ಷೆಯಲ್ಲಿ ಆ ಬಡಾವಣೆ ಕೆಂಪಾಗಿದೆ, ಪಕ್ಕದ್ದು ಹಸಿರಾಗಿದೆ, ಹೋಗುವುದೇ ಬಿಡುವುದೇ ಎಂದು ಕೇಳಿದ್ದೀರಿ. ನಾನು ಪೊಲೀಸನಲ್ಲ, ಅಪರಾಧಶಾಸ್ತ್ರ ಓದಿದವನೂ ಅಲ್ಲ. ಮೂರು ಬಾರಿ ಮನೆ ಬದಲಿಸಿದ್ದೇನೆ, ಒಮ್ಮೆ ಮನೆಗೆ ಕಳ್ಳರು ನುಗ್ಗಿದ್ದಾರೆ. ಹಾಗೆ ನುಗ್ಗಿದ್ದು ಹಸಿರು ಬಡಾವಣೆಯ ಮನೆಗೆ.

ಮೊದಲು ಆ ಬಣ್ಣ ಹೇಗೆ ಹುಟ್ಟುತ್ತದೆ ನೋಡಿ. ಸಾಮಾನ್ಯವಾಗಿ ದಾಖಲಾದ ಅಪರಾಧಗಳನ್ನು ಅಲ್ಲಿ ವಾಸಿಸುವವರ ಸಂಖ್ಯೆಯಿಂದ ಭಾಗಿಸಿ, ಲಕ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಒಂದು ಬಡಾವಣೆಯಲ್ಲಿ 4,000 ಜನರಿದ್ದಾರೆ, ವರ್ಷಕ್ಕೆ 40 ಅಪರಾಧ ದಾಖಲಾಗಿವೆ ಎಂದಿಟ್ಟುಕೊಳ್ಳಿ. ಲಕ್ಷಕ್ಕೆ 1,000 ಆಯಿತು, ನಕ್ಷೆ ಕೆಂಪಾಯಿತು. ಆದರೆ ಆ ಬಡಾವಣೆಯ ಮೂಲೆಯಲ್ಲಿ ದಿನಕ್ಕೆ ಮೂವತ್ತು ಸಾವಿರ ಜನ ಹತ್ತಿಳಿಯುವ ಬಸ್ ನಿಲ್ದಾಣವಿದ್ದು, ನಲವತ್ತರಲ್ಲಿ 28 ಪ್ರಕರಣ ಅಲ್ಲಿನ ಜೇಬುಗಳವು, ಮೊಬೈಲ್ ಕಳವು ಆಗಿದ್ದರೆ? ಮೇಲಿನ ಅಂಕಿಗೆ ಅವೆಲ್ಲ ಸೇರುತ್ತವೆ, ಕೆಳಗಿನ ಅಂಕಿಗೆ ಆ ಮೂವತ್ತು ಸಾವಿರ ಜನ ಸೇರುವುದಿಲ್ಲ. ನಿಲ್ದಾಣವನ್ನು ಬಿಟ್ಟು ನೋಡಿದರೆ ಉಳಿಯುವುದು 12, ಅಂದರೆ ಲಕ್ಷಕ್ಕೆ 300. ಪಕ್ಕದ ಹಸಿರು ಬಡಾವಣೆಯಲ್ಲಿ 10,000 ಜನರಿಗೆ 45 ಪ್ರಕರಣ, ಹೆಚ್ಚಿನವು ಮನೆಗಳವು ಎಂದಾದರೆ ಅಲ್ಲಿ 450. ಎರಡರಲ್ಲಿ ಯಾವುದು ಹಸಿರು ಎಂದು ಈಗ ನೀವೇ ಹೇಳಿ.

‘ಕಳ್ಳತನ ಇಮ್ಮಡಿಯಾಗಿದೆ’ ಎಂಬ ಸುದ್ದಿಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಚಿಕ್ಕ ಬಡಾವಣೆಯಲ್ಲಿ ಎರಡು ನಾಲ್ಕಾದರೂ ಇಮ್ಮಡಿಯೇ. ಒಂದು ವರ್ಷದ ಅಂಕಿಯನ್ನು ಒಂಟಿಯಾಗಿ ನಂಬಬೇಡಿ, ಮೂರು ನಾಲ್ಕು ವರ್ಷಗಳದ್ದನ್ನು ಒಟ್ಟಿಗೆ ಇಟ್ಟು ನೋಡಿ.

ಇನ್ನು ದಾಖಲಾಗದೇ ಉಳಿಯುವುದು. ವಾಹನ ಕಳುವಾದರೆ ವಿಮೆಗಾಗಿಯಾದರೂ ಜನ ಠಾಣೆಗೆ ಹೋಗುತ್ತಾರೆ, ಆದ್ದರಿಂದ ಆ ಅಂಕಿ ಹೆಚ್ಚು ಕಡಿಮೆ ನಂಬುವಂಥದ್ದು. ರಸ್ತೆಯಲ್ಲಿ ಹಿಂಬಾಲಿಸಿ ಬಂದವನ ಬಗ್ಗೆ, ಅಂಗಳದಿಂದ ಮಾಯವಾದ ಸೈಕಲ್ ಬಗ್ಗೆ, ಗೋಡೆಯಾಚೆ ಕೇಳುವ ಹೊಡೆತದ ಸದ್ದಿನ ಬಗ್ಗೆ ಎಷ್ಟು ಮಂದಿ ದೂರು ಕೊಡುತ್ತಾರೆ? ಠಾಣೆಯ ಮೇಲೆ ಭರವಸೆಯಿರುವ ಕಡೆ ದೂರು ಹೆಚ್ಚು ಬರುತ್ತವೆ, ಅಂಕಿಯೂ ಏರುತ್ತದೆ. ಎರಡು ಬಡಾವಣೆಗಳನ್ನು ಹೋಲಿಸುವುದಿದ್ದರೆ ನಾನು ವಾಹನ ಕಳವು ಮತ್ತು ಮನೆಗಳವಿನ ಅಂಕಿಗಳನ್ನು ಬೇರೆಯಾಗಿ ತೆಗೆದು ನೋಡುತ್ತೇನೆ. ಒಟ್ಟು ಮೊತ್ತದ ಕಡೆ ತಲೆ ಹಾಕುವುದಿಲ್ಲ.

ನನಗೆ ಕಣ್ಣು ತೆರೆಸಿದ್ದು ಬೇರೆಯೇ ಸಂಗತಿ. 1989ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿದರು. ಅರ್ಧದಷ್ಟು ಕರೆಗಳು ಕೇವಲ ಶೇಕಡಾ 3ರಷ್ಟು ವಿಳಾಸಗಳಿಂದ ಬಂದಿದ್ದವು. ಕೆಟ್ಟ ಹೆಸರಿನ ಪ್ರದೇಶಗಳಲ್ಲೂ ಬಹುಪಾಲು ವಿಳಾಸಗಳು ತಣ್ಣಗೇ ಇರುತ್ತವೆ ಎಂದಾಯಿತು. ಹೀಗಿರುವಾಗ ಇಡೀ ಬಡಾವಣೆಗೆ ಒಂದೇ ಬಣ್ಣ ಬಳಿಯುವುದು, ಸರಾಸರಿ ಆಳ ನೋಡಿ ಕೆರೆಗೆ ಇಳಿದಂತೆ. ನೀವು ವಾಸಿಸುವುದು ಒಂದು ಓಣಿಯಲ್ಲಿ, ಒಂದು ಬಾಗಿಲಿನ ಹಿಂದೆ.

ಆ ಬಾಗಿಲಿನ ಮಾತಿಗೆ ಬರುತ್ತೇನೆ. ನಮ್ಮ ಮನೆಯ ಮುಂಬಾಗಿಲಿಗೆ ದುಬಾರಿ ಬೀಗವಿತ್ತು. ಹಗಲು ಹನ್ನೊಂದರ ಹೊತ್ತಿಗೆ, ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ, ಕಳ್ಳರು ಹಿಂಬಾಗಿಲನ್ನು ಒದ್ದು ಒಳಬಂದಿದ್ದರು. ಚಿಲಕ ಬಾಗಿರಲಿಲ್ಲ, ಬೀಗ ಮುರಿದಿರಲಿಲ್ಲ. ಚಿಲಕದ ಸರಳು ಹೋಗಿ ಕೂರುವ ಚೌಕಟ್ಟಿನ ಪಟ್ಟಿ ಮಾತ್ರ ಕಿತ್ತು ನೆಲದ ಮೇಲೆ ಬಿದ್ದಿತ್ತು. ಅದನ್ನು ಹಿಡಿದಿದ್ದ ತಿರುಪುಗಳನ್ನು ಎತ್ತಿ ನೋಡಿದೆ, ಒಂದೊಂದೂ ನನ್ನ ಹೆಬ್ಬೆರಳಿನ ಉಗುರಿನಷ್ಟು ಉದ್ದ. ತುದಿಗೆ ಇನ್ನೂ ಮರದ ಪುಡಿ ಮೆತ್ತಿಕೊಂಡಿತ್ತು. ಬಡಗಿ ಬಂದು ಬೆರಳುದ್ದದ ತಿರುಪುಗಳನ್ನು ಚೌಕಟ್ಟು ದಾಟಿ ಗೋಡೆಯವರೆಗೂ ಇಳಿಸಿದ. ಅರ್ಧ ಗಂಟೆಯ ಕೆಲಸ. ಅದೇ ಕೆಲಸ ಒಂದು ವಾರ ಮೊದಲು ಆಗಿದ್ದರೆ ಎಂದು ಬಹಳ ದಿನ ಕೊರಗಿದೆ.

ಮಹಜರಿಗೆ ಬಂದಿದ್ದ ಪೊಲೀಸರೊಬ್ಬರು ಹೊರಡುವಾಗ, ‘ಇನ್ನು ಕೆಲವು ವಾರ ನೀವೂ ಅಕ್ಕಪಕ್ಕದವರೂ ಎಚ್ಚರವಾಗಿರಿ’ ಎಂದರು. ಒಮ್ಮೆ ಬಂದವರು ಮತ್ತೆ ಬರುವರೇ ಎಂದು ನಾನು ನಕ್ಕಿದ್ದೆ. ಹದಿಮೂರನೆಯ ದಿನ ಎರಡು ಮನೆ ಆಚೆ ಕಳ್ಳತನವಾಯಿತು, ಅದೂ ಹಿಂಬಾಗಿಲಿನಿಂದಲೇ. ಕಳುವಾದ ಮನೆಗೂ ಅದರ ನೆರೆಮನೆಗಳಿಗೂ ಮುಂದಿನ ಕೆಲವು ವಾರ ಅಪಾಯ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಸಂಗತಿ ಎಂದು ಆಮೇಲೆ ಓದಿ ತಿಳಿದೆ. ದಾರಿ, ಗೋಡೆ, ಬಾಗಿಲಿನ ರೀತಿ ಎಲ್ಲ ಕಳ್ಳನಿಗೆ ಆಗಲೇ ಪರಿಚಯವಾಗಿರುತ್ತದೆ, ಒಂದೇ ಕೈ ಕಟ್ಟಿದ ಮನೆಗಳಾದರೆ ಇನ್ನೂ ಸಲೀಸು. ಹಾಗಾಗಿ ಪಕ್ಕದ ಮನೆಯ ಕಳ್ಳತನವನ್ನು ಮುಚ್ಚಿಡುವ ಓಣಿಗಿಂತ ಅದನ್ನು ಆ ಸಂಜೆಯೇ ಮನೆಮನೆಗೆ ಹೇಳುವ ಓಣಿ ಲೇಸು.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಠಾಣೆಗೆ ಹೋಗಿ ‘ಈ ಬಡಾವಣೆ ಹೇಗೆ’ ಎಂದು ಕೇಳುತ್ತಿರಲಿಲ್ಲ, ಅದಕ್ಕೆ ಸಿಗುವುದು ‘ಏನೂ ತೊಂದರೆಯಿಲ್ಲ’ ಎಂಬ ಉತ್ತರವೇ. ಈ ರಸ್ತೆಯಲ್ಲಿ ಕಳೆದ ವರ್ಷ ಎಷ್ಟು ಮನೆಗಳವು ಆಯಿತು, ಹಗಲೋ ರಾತ್ರಿಯೋ, ಒಳಗೆ ಹೇಗೆ ಬಂದರು ಎಂದು ಕೇಳಿ. ಆಮೇಲೆ ಎರಡು ಹೊತ್ತು ಓಣಿಯಲ್ಲಿ ನಡೆದಾಡಿ, ಕೆಲಸದ ದಿನ ಹಗಲು ಹನ್ನೊಂದಕ್ಕೆ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಇನ್ನೊಮ್ಮೆ. ಹಗಲಿನಲ್ಲಿ ಎಷ್ಟು ಕಿಟಕಿಗಳು ರಸ್ತೆಯ ಕಡೆ ತೆರೆದಿವೆ, ಯಾರಾದರೂ ‘ಯಾರು ಬೇಕಿತ್ತು’ ಎಂದು ವಿಚಾರಿಸುತ್ತಾರೆಯೇ ನೋಡಿ. ರಸ್ತೆಯ ಮೇಲೆ ನೆಟ್ಟಿರುವ ಕಣ್ಣುಗಳೇ ದೊಡ್ಡ ಕಾವಲು ಎಂದು ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ದರು. ಹೊಸ ಮನೆಗೆ ಬಂದ ಮೊದಲ ದಿನ ಎದುರುಮನೆಯ ಅಜ್ಜಿ ನನ್ನನ್ನೇ ತಡೆದು ಅರ್ಧ ಗಂಟೆ ವಿಚಾರಣೆ ಮಾಡಿದಾಗ ಸಿಟ್ಟು ಬಂದಿತ್ತು, ಈಗ ಅವರು ಊರಿಗೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ರಾತ್ರಿ ಬಸ್ಸಿನಿಂದ ಇಳಿದು ಮನೆ ಬಾಗಿಲಿನವರೆಗೆ ನಡೆಯುವಾಗ ದೀಪಗಳನ್ನು ಎಣಿಸಿ. ಉರಿಯದ ದೀಪ ಒಂದಿದ್ದರೆ ಇರಲಿ, ಮೂರು ಸಾಲಾಗಿ ಉರಿಯದಿದ್ದರೆ ಯಾಕೆ ಯಾರೂ ದೂರು ಕೊಟ್ಟಿಲ್ಲ ಎಂದು ಕೇಳಿ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಆ ನಡಿಗೆಗೆ ಅವರನ್ನೂ ಕರೆದುಕೊಂಡು ಹೋಗಿ, ನನಗೆ ಕಾಣದ ಐದಾರು ಸಂಗತಿಗಳನ್ನು ನನ್ನ ಮಗಳು ಒಂದೇ ಸುತ್ತಿನಲ್ಲಿ ತೋರಿಸಿಕೊಟ್ಟಿದ್ದಳು.

ಇಷ್ಟರಲ್ಲಿ ಮನಸ್ಸಿಗೆ ಸರಿಬಂದರೆ ನಕ್ಷೆಯ ಕೆಂಪಿಗೆ ಹೆದರಿ ಮನೆ ಬಿಡಬೇಡಿ. ಮುಂಗಡ ಕೊಡಲು ಹೋಗುವಾಗ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋಗಿ, ಹಿಂಬಾಗಿಲಿನ ಪಟ್ಟಿಯಿಂದ ಒಂದು ತಿರುಪು ಬಿಚ್ಚಿ ಅದರ ಉದ್ದ ನೋಡಿ. ಮಾಲೀಕರು ವಿಚಿತ್ರವಾಗಿ ನೋಡಿದರೆ ನೋಡಲಿ.