ಅರೆಕಾ ಪಾಮ್‌ಗೆ ಇವತ್ತೇ ನೀರು ನಿಲ್ಲಿಸಿ

ಡೊಂಬಿವಲಿಯ ಓದುಗರೇ,

ಹಾಲ್‌ನಲ್ಲಿಟ್ಟ ಅರೆಕಾ ಪಾಮ್ ಮಳೆ ಶುರುವಾದಾಗಿನಿಂದ ಹಳದಿಯಾಗುತ್ತಿದೆ, ಗರಿ ಜೋತುಬಿದ್ದಿದೆ, ದಿನಾ ಒಂದು ಚೊಂಬು ನೀರು ಸಾಲುತ್ತಿಲ್ಲವೇನೋ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನು ಒಂದು ಹನಿಯೂ ಹಾಕಬೇಡಿ.

ಗರಿ ಜೋತರೆ ಬಾಯಾರಿದೆ ಅನ್ನಿಸುವುದು ಸಹಜ. ಆದರೆ ಬೇರಿಗೆ ಗಾಳಿಯೂ ಬೇಕು. ಮಣ್ಣಿನ ಸಂದಿನಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಪಿಥಿಯಂನಂಥ ರೋಗಾಣು ಅದನ್ನು ಕೊಳೆಸುತ್ತದೆ. ಬೇರೇ ಹೋದ ಮೇಲೆ ನೀರು ಹೀರುವುದು ಹೇಗೆ? ಒದ್ದೆ ಮಣ್ಣಲ್ಲಿ ನಿಂತೇ ಗಿಡ ಒಣಗುತ್ತದೆ. ಊರಿನ ಅಡಿಕೆ ತೋಟದಲ್ಲಿ ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸುತ್ತಾರೆ ಅಲ್ವಾ? ಕುಂಡದ ತಳದ ತೂತಿಗೂ ಅದೇ ಕೆಲಸ. ನಿಮ್ಮದು ತೂತಿಲ್ಲದ ಚಂದದ ಸೆರಾಮಿಕ್ ಕುಂಡವಾಗಿದ್ದರೆ ಮೊದಲು ಅದನ್ನು ಬದಲಿಸಿ.

ಗಿಡವನ್ನು ಮೆಲ್ಲಗೆ ಹೊರತೆಗೆದು ಬೇರು ನೋಡಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿಕಂದು, ಮುಟ್ಟಿದರೆ ಗಟ್ಟಿ. ಕೊಳೆತದ್ದು ಕಪ್ಪು, ಮೆತ್ತಗೆ, ಕೆಟ್ಟ ವಾಸನೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಉಳಿಯುತ್ತದೆ. ಅಂಥದ್ದನ್ನು ಮಾತ್ರ ಶುಭ್ರ ಕತ್ತರಿಯಿಂದ ಕತ್ತರಿಸಿ. ಎಲ್ಲ ಬೇರನ್ನೂ ತೊಳೆದು ಬಿಡಿಸಲು ಹೋಗಬೇಡಿ, ಪಾಮ್ ಜಾತಿಗೆ ಬೇರು ಕೆದಕಿದರೆ ಆಗದು. ನರ್ಸರಿಯ ಅಂಟು ಕೆಂಪು ಮಣ್ಣು ಉಂಡೆಕಟ್ಟಿದ್ದರೆ ಸಡಿಲವಾದಷ್ಟನ್ನು ಉದುರಿಸಿ. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು ಬೆರೆಸಿ, ಬೇರಿಗೆ ತಕ್ಕ ಕುಂಡದಲ್ಲೇ ನೆಡಿ. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದಿಲ್ಲ. ಬಿಸಿಲು ನೇರ ಬೀಳದ, ಬೆಳಕಿರುವ ಕಿಟಕಿಯ ಹತ್ತಿರ ಇಡಿ. ಹೊಸ ಗರಿ ಬರುವವರೆಗೆ ಗೊಬ್ಬರ ಬೇಡ.

ಇನ್ನು ಮುಂದೆ ವಾರ ಲೆಕ್ಕ ಹಾಕಿ ನೀರೆರೆಯಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಅಲ್ಲಿ ತೇವ ಇದ್ದರೆ ಸುಮ್ನೆ ಬಿಡಿ. ಮೇ ತಿಂಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬೇಡುವ ಗಿಡ ಮುಂಬೈಯ ಜುಲೈನಲ್ಲಿ ವಾರ ಕಳೆದರೂ ಕೇಳದಿರಬಹುದು. ಕಿಟಕಿ ಮುಚ್ಚಿರುತ್ತದೆ, ಬೆಳಕು ಕಡಿಮೆ, ಗಾಳಿಯೇ ಒದ್ದೆ. ಹಾಕುವ ದಿನ ಮಾತ್ರ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದೂ ಅಲ್ಲೇ.

ಹಳದಿಯಾದ ಗರಿ ಮತ್ತೆ ಹಸಿರಾಗುವುದಿಲ್ಲ. ಆದರೂ ಪೂರ್ತಿ ಒಣಗುವ ಮುಂಚೆ ಕತ್ತರಿಸಬೇಡಿ, ಅದರ ಸತ್ವವನ್ನು ಗಿಡ ಹೊಸ ಗರಿಗೆ ಎಳೆದುಕೊಳ್ಳುತ್ತಿರುತ್ತದೆ. ನೋಡಬೇಕಾದ್ದು ಸುಳಿಯನ್ನು. ಹಗುರಾಗಿ ಎಳೆದಾಗ ಕಿತ್ತು ಬಂದರೆ ಆ ಕಾಂಡ ಮುಗಿಯಿತು. ಆದರೆ ಅರೆಕಾ ಹಿಂಡಾಗಿ ಬೆಳೆಯುವ ಗಿಡ. ಇನ್ನೊಂದು ಕಾಂಡದ ಸುಳಿ ಗಟ್ಟಿಯಾಗಿದ್ದರೂ ಸಾಕು, ಎಸೆಯಬೇಡಿ. ಕೆಲವು ತಿಂಗಳು ಕಾಯಿರಿ.

— ಸಂಪಾದಕ